ನಾಲ್ಕು ಗುಂಟೆ ಜಾಗ, ಒಂದು ಚೆಂಡು

ಅಡಿಕೆ ಸುಲಿಯುವ ಹೆಂಗಸರನ್ನು ನೀವು ಹತ್ತಿರದಿಂದ ನೋಡಿದ್ದೀರಾ? ನಮ್ಮ ಮಂಡಗದ್ದೆಯಂಥ ಊರಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಪೇಟೆಯಲ್ಲೇ ಬೆಳೆದವರಿಗಾಗಿ ಹೇಳುತ್ತೇನೆ. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತ ಹೆಂಗಸು ಕಾಯನ್ನು ಕತ್ತಿಗೆ ಕೊಟ್ಟು, ಸಿಪ್ಪೆ ಬಿಡಿಸಿ, ಸುಲಿದ ಅಡಿಕೆಯನ್ನು ಪಕ್ಕದ ಬುಟ್ಟಿಗೆ ಎಸೆಯುತ್ತಾಳೆ. ಕಣ್ಣು ಕತ್ತಿಯ ಮೇಲೆ, ಬಾಯಿ ಪಕ್ಕದವಳ ಸೊಸೆಯ ಸುದ್ದಿಯ ಮೇಲೆ. ಅಡಿಕೆ ಮಾತ್ರ ತಪ್ಪದೆ ಬುಟ್ಟಿಯೊಳಗೆ. ರಾತ್ರಿ ಹನ್ನೊಂದರವರೆಗೆ ಹೀಗೆ ಸಾವಿರಾರು ಸಲ ಎಸೆದರೂ ನೆಲಕ್ಕೆ ಬಿದ್ದ ಅಡಿಕೆ ಹತ್ತಿಪ್ಪತ್ತು ಇದ್ದರೆ ಹೆಚ್ಚು. ನನ್ನಮ್ಮ ಹಾಗೆ ಎಸೆಯುತ್ತಿದ್ದಳು. ಅವಳ ಕೈಗೆ ಯಾರೂ ಒಂದು ಚೆಂಡು ಕೊಡಲಿಲ್ಲ, ಅಷ್ಟೇ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು, ಚಳಿಗೆ ಹೊರಗೆ ಆಡಲಾಗದೆ ಗಲಾಟೆ ಮಾಡುತ್ತಿದ್ದ ಹುಡುಗರಿಗಾಗಿ ಒಂದು ಹೊಸ ಆಟ ಕಟ್ಟಿದರು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆಸಿ, ಹದಿಮೂರು ನಿಯಮ ಬರೆದು ಗೋಡೆಗೆ ಹಚ್ಚಿದರು. ಬುಟ್ಟಿಯ ತಳ ತೆಗೆದರೆ ಚೆಂಡು ತಾನೇ ಕೆಳಗೆ ಬೀಳುತ್ತದೆ ಎಂಬುದು ಆ ಗಂಡಸರಿಗೆ ಮೊದಲಿಗೆ ಹೊಳೆಯಲಿಲ್ಲ. ಪ್ರತಿ ಸಲವೂ ಏಣಿ ಹತ್ತಿ ಚೆಂಡು ತೆಗೆಯುತ್ತಿದ್ದರು. ಇದನ್ನು ಓದಿದ ದಿನ ನನಗೆ ನಗು ತಡೆಯಲಾಗಲಿಲ್ಲ. ತಳವಿಲ್ಲದ ಬುಟ್ಟಿಯ ಉಪಯೋಗ ಏನೆಂದು ಮನೆಯ ಅಟ್ಟ ನೋಡಿಕೊಳ್ಳುವ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು!

ಆ ಬುಟ್ಟಿಯಾಟವೇ ಬ್ಯಾಸ್ಕೆಟ್‌ಬಾಲ್. ಅದು ನಮ್ಮ ಕಡೆಯ ಒಂದು ಹೈಸ್ಕೂಲಿಗೆ ಬಂದದ್ದು 1976ರ ಸುಮಾರಿಗೆ, ಒಬ್ಬ ಡ್ರಿಲ್ ಮೇಷ್ಟ್ರ ಜೊತೆ. ಅವರು ಆಚಾರಿಯಿಂದ ಎರಡು ಕಬ್ಬಿಣದ ಬಳೆ ಮಾಡಿಸಿ, ಹಲಗೆಗೆ ಬಡಿದು, ಕಂಬ ನೆಟ್ಟರು. ಹುಡುಗರು ಕಬಡ್ಡಿ ಬಿಟ್ಟು ಬರಲಿಲ್ಲ. ಬಂದವರು ನಾವು, ಒಂಬತ್ತನೇ ಕ್ಲಾಸಿನ ಹುಡುಗಿಯರು. ಉದ್ದ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆವು. ಆ ವರ್ಷ ಶಿವಮೊಗ್ಗದಲ್ಲಿ ನಡೆಯುವ ಪಂದ್ಯಕ್ಕೆ ನಮ್ಮ ಶಾಲೆಯಿಂದ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಗಾಜನೂರು ದಾಟಿ ಮೂವತ್ತು ಚಿಲ್ಲರೆ ಕಿಲೋಮೀಟರು ಬಸ್ಸಿನಲ್ಲಿ ಹೋಗಿ ಮೂರು ದಿನ ಅಲ್ಲಿ ಇರಬೇಕು ಎಂದರು ಮೇಷ್ಟ್ರು.

ಅಪ್ಪಯ್ಯ ಏನೂ ಅನ್ನಲಿಲ್ಲ. ಎಲೆಯಡಿಕೆ ಹಾಕಿಕೊಂಡು ಹೊರಗೆ ಹೋದರು. ಅಮ್ಮ ಅಂದಳು: "ಮೂರು ದಿನ ಚಡ್ಡಿ ಹಾಕ್ಕಂಡು ಊರವರ ಎದುರು ಕುಣಿದು ಬಂದ್ರೆ ನಾಳೆ ಯಾರೇ ನಿನ್ನ ಮಾಡ್ಕಳೋದು? ಸಾಲದ್ದಕ್ಕೆ ಸುಲಿತ ಬೇರೆ ಶುರುವಾಗಿದೆ. ಸುಮ್ನೆ ಕೂತ್ಕ."

ನಾನು ಕೂತೆ. ಅವಳ ಪಕ್ಕದಲ್ಲೇ, ಇನ್ನೊಂದು ಮೆಟ್ಟುಗತ್ತಿಯ ಮುಂದೆ. ಉಳಿದವರು ಹೋಗಿ ಮೊದಲ ಪಂದ್ಯದಲ್ಲೇ ಸೋತು ಬಂದರು. ಆದರೆ ಆ ನಾಲ್ಕೈದು ಹುಡುಗಿಯರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಾಡಿದ ಗದ್ದಲ ನನಗೆ ಇವತ್ತಿಗೂ ಕೇಳಿಸುತ್ತದೆ. ಸೋತವರು ಹಾಗೆ ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇದು ನನ್ನೊಬ್ಬಳ ಕತೆಯಲ್ಲ. ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನಕ್ಕೆ ಇಂಥದ್ದೊಂದು ಬಸ್ಸು ತಪ್ಪಿರುತ್ತದೆ. ಅದನ್ನು ತಪ್ಪಿಸಿದವರು ಗಂಡಸರೇ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡು ತಿರುಗಿದವಳು. ಆದರೆ ನನ್ನ ಮಗಳ ಬಸ್ಸನ್ನು ತಪ್ಪಿಸಿದವಳು ನಾನು.

ಅದು 1999ನೇ ಇಸವಿ. ನಾವಾಗ ಪೇಟೆಗೆ ಬಂದಾಗಿತ್ತು. ಮಗಳ ಶಾಲೆಯಲ್ಲಿ ಒಳ್ಳೆಯ ಸಿಮೆಂಟು ಕೋರ್ಟು ಇತ್ತು. ಅವಳು ಸಂಜೆ ಐದೂವರೆಯಿಂದ ಏಳರವರೆಗೆ ಆಡಿ, ಬೆವರು ಸುರಿಸಿಕೊಂಡು, ಹಸಿದ ಹುಲಿಯ ಹಾಗೆ ಮನೆಗೆ ಬರುತ್ತಿದ್ದಳು. ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ನಾನು ಟ್ಯೂಷನ್ನಿಗೆ ಹಾಕಿದೆ. ಅದರ ಹೊತ್ತೂ ಐದೂವರೆಯೇ. "ಎಸ್ಸೆಸ್ಸೆಲ್ಸಿ ಒಂದು ಮುಗೀಲಿ, ಆಮೇಲೆ ಎಷ್ಟು ಬೇಕಾದ್ರೂ ಆಡ್ಕೋ" ಎಂದೆ. ಬೂಟುಗಳನ್ನು ಕೆಲಸದವಳ ಮಗಳಿಗೆ ಕೊಟ್ಟೆ. ಅಮ್ಮನ ಹಾಗೆ ಚಡ್ಡಿಯ ಮಾತಾಡಲಿಲ್ಲ, ಮದುವೆಯ ಮಾತೂ ಆಡಲಿಲ್ಲ. ನಾನು ಓದಿದವಳಲ್ಲವೇ? ಅಂಕಪಟ್ಟಿಯ ಮಾತಾಡಿದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪಿ.ಯು.ಸಿ. ಬಂತು, ಅದರ ಬೆನ್ನಿಗೆ ಸಿ.ಇ.ಟಿ. ಬಂತು. ಆಡಿಕೊಳ್ಳುವ ದಿನ ಮಾತ್ರ ಬರಲೇ ಇಲ್ಲ.

ಈಗ ಅವಳಿಗೆ ನಲವತ್ತು. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಹಗಲಿಡೀ ಕುರ್ಚಿಯಲ್ಲಿ ಕೂತು ಬೆನ್ನುನೋವು. ಡಾಕ್ಟರು ಓಡು ಎಂದಿದ್ದಾರೆ, ಜಿಮ್ಮಿಗೆ ಸೇರಿದ್ದಾಳೆ. ಹೋದ ಸಲ ಫೋನಿನಲ್ಲಿ ನಗುತ್ತಾ ಅಂದಳು: "ಆಗ ಪುಕ್ಕಟೆ ಓಡ್ತಿದ್ದೆ ಅಮ್ಮ, ಬೇಡ ಅಂದೆ. ಈಗ ದುಡ್ಡು ಕೊಟ್ಟು ಒಂದೇ ಜಾಗದಲ್ಲಿ ಓಡ್ತಾ ಇದೀನಿ." ಅವಳಿಗೆ ಅದು ತಮಾಷೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹೆಣ್ಣನ್ನು ಓಡದ ಹಾಗೆ ಮಾಡುವುದರಲ್ಲಿ ನಾವೊಬ್ಬರೇ ಜಾಣರಲ್ಲ. ನೈಸ್ಮಿತ್ತರ ಆಟ ಹುಟ್ಟಿದ ಮರುವರ್ಷವೇ, 1892ರಲ್ಲಿ, ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ವ್ಯಾಯಾಮದ ಮೇಡಂ ಅದನ್ನು ತನ್ನ ಹುಡುಗಿಯರಿಗೆ ಕಲಿಸಿದರು. ಮುಂದಿನ ಮಾರ್ಚಿನಲ್ಲಿ ಎರಡು ತರಗತಿಗಳ ನಡುವೆ ಪಂದ್ಯ ನಡೆದಾಗ ಗಂಡಸರನ್ನು ಒಳಗೆ ಬಿಡಲಿಲ್ಲ. ಆದರೆ ಹೆಣ್ಣಿನ ದೇಹಕ್ಕೆ ಹೆಚ್ಚು ಓಟ ಆಗಿಬರುವುದಿಲ್ಲ ಎಂಬ ಆ ಕಾಲದ ನಂಬಿಕೆಯನ್ನು ಆ ಮೇಡಮ್ಮಿಗೂ ಮೀರಲಾಗಲಿಲ್ಲ. ಅಂಗಳವನ್ನು ಮೂರು ಭಾಗ ಮಾಡಿ ಗೆರೆ ಎಳೆದರು. ಒಂದು ಭಾಗದವಳು ಇನ್ನೊಂದಕ್ಕೆ ಕಾಲಿಡುವ ಹಾಗಿಲ್ಲ. ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳುವ ಹಾಗಿಲ್ಲ. ಲಕ್ಷ್ಮಣರೇಖೆ ನಮ್ಮ ಪುರಾಣದಲ್ಲಿ ಮಾತ್ರ ಇರುವುದೆಂದು ಯಾರು ಹೇಳಿದರು? ಅಂಗಳಕ್ಕೆ ಗೆರೆ ಎಳೆದು ಆಡಿಸುವ ಹುಡುಗಿಯರ ಆಟ ಅಮೆರಿಕದ ಐಯೊವಾ ರಾಜ್ಯದ ಹೈಸ್ಕೂಲುಗಳಲ್ಲಿ 1993ರವರೆಗೆ, ಓಕ್ಲಹೋಮಾದಲ್ಲಿ 1995ರವರೆಗೆ ಉಳಿದಿತ್ತು. ಒಲಿಂಪಿಕ್ಸಿನಲ್ಲಿ ಗಂಡಸರ ಬ್ಯಾಸ್ಕೆಟ್‌ಬಾಲ್ ಸೇರಿದ್ದು 1936ರಲ್ಲಿ, ಹೆಂಗಸರದು 1976ರಲ್ಲಿ. ನಡುವೆ ನಲವತ್ತು ವರ್ಷ. ನಾನು ಮೆಟ್ಟುಗತ್ತಿಯ ಮುಂದೆ ಕೂತ ವರ್ಷವೇ ಮಾಂಟ್ರಿಯಲ್ಲಿನಲ್ಲಿ ಹೆಂಗಸರು ಮೊದಲ ಬಾರಿಗೆ ಒಲಿಂಪಿಕ್ ಅಂಗಳಕ್ಕೆ ಇಳಿದರು ಎಂಬುದು ನನಗೆ ಗೊತ್ತಾದದ್ದು ಈಚೆಗೆ.

ಗೊತ್ತಾಗುವುದಕ್ಕೆ ಕಾರಣ ಮೊಮ್ಮಗಳು. ಹನ್ನೊಂದು ವರ್ಷದ ಹುಡುಗಿ. ದಸರಾ ರಜೆಗೆ ಬಂದಾಗ ಅವಳನ್ನು ಮಂಡಗದ್ದೆಯ ತಮ್ಮನ ಮನೆಗೆ ಕರೆದುಕೊಂಡು ಹೋಗಿದ್ದೆ. ಒಂದು ಸಣ್ಣ ದೇಶದ ಬಗ್ಗೆ ಬರೆದು ತನ್ನಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಇವಳ ಪಾಲಿಗೆ ಬಂದದ್ದು ಆಲ್ಬೇನಿಯಾ. "ಅಜ್ಜಿ, ಆಲ್ಬೇನಿಯಾ ಅಂದ್ರೆ ಗೊತ್ತಾ ನಿಂಗೆ?" ಎಂದಳು. ಮದರ್ ತೆರೇಸಾ ಆಲ್ಬೇನಿಯನ್ ಮನೆತನದವರು ಎಂಬುದೊಂದು ಗೊತ್ತಿತ್ತು, ಹೇಳಿದೆ. ಅಲ್ಲಿನ ರಾಜಧಾನಿ ಟಿರಾನಾದ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು ಎಂದು ಅವಳು ನನಗೆ ಹೇಳಿದಳು. ಹೀಗೆ ಅಜ್ಜಿ ಮೊಮ್ಮಗಳು ಜಗಲಿಯಲ್ಲಿ ಕೂತು ಮೂರು ದಿನ ಆಲ್ಬೇನಿಯಾ ಓದಿದೆವು.

2023ರ ಜನಗಣತಿಯಂತೆ ಆ ಇಡೀ ದೇಶದ ಜನ ಸುಮಾರು 24 ಲಕ್ಷ. ನಮ್ಮ ಶಿವಮೊಗ್ಗ ಜಿಲ್ಲೆಯೊಂದರಲ್ಲೇ 2011ರಲ್ಲಿ ಹದಿನೇಳೂವರೆ ಲಕ್ಷ ಜನ ಇದ್ದೆವು. ಒಂದೂವರೆ ಜಿಲ್ಲೆಯಷ್ಟು ದೇಶ ಎನ್ನಿ. ಎರಡನೇ ಮಹಾಯುದ್ಧದಲ್ಲಿ ಇಟಲಿಯವರೂ ಜರ್ಮನರೂ ಅದನ್ನು ತುಳಿದು ಹೋಗಿದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಟಿರಾನಾದಲ್ಲಿ ಪಾರ್ಟಿಜಾನಿ ಎಂಬ ಕ್ರೀಡಾ ಕ್ಲಬ್ಬು ಹುಟ್ಟಿತು. ಶತ್ರುವಿನ ವಿರುದ್ಧ ಬೆಟ್ಟಗಳಲ್ಲಿ ಅಡಗಿ ಹೋರಾಡಿದವರನ್ನು ಪಾರ್ಟಿಜಾನರು ಎನ್ನುತ್ತಿದ್ದರು, ಅವರದೇ ಹೆಸರು. ಸೇನೆಯ ಕ್ಲಬ್ಬು ಅದು. 1950ರಲ್ಲಿ ಗೃಹ ಇಲಾಖೆಯವರು ಡೈನಮೊ ಎಂಬ ಇನ್ನೊಂದು ಕ್ಲಬ್ಬು ಕಟ್ಟಿದರು. ಪಾರ್ಟಿಜಾನಿಯ ಬ್ಯಾಸ್ಕೆಟ್‌ಬಾಲ್ ತಂಡ ದೇಶದ ಪ್ರಶಸ್ತಿಯನ್ನು ಮೂವತ್ತಕ್ಕೂ ಹೆಚ್ಚು ಸಲ ಗೆದ್ದಿದೆ. ಇವತ್ತಿಗೂ ಆ ದೇಶದ ಬ್ಯಾಸ್ಕೆಟ್‌ಬಾಲ್ ಎಂದರೆ ಮೊದಲು ಬರುವ ಹೆಸರುಗಳಲ್ಲಿ ಅದೊಂದು.

ನಾನು ಆ ಕಾಲದ ಸರ್ಕಾರವನ್ನು ಹೊಗಳಲು ಹೊರಟವಳಲ್ಲ. ಎನ್ವರ್ ಹೋಜಾ ಎಂಬಾತ 1985ರಲ್ಲಿ ಸಾಯುವವರೆಗೂ ಆಳಿದ. ದೇಶದ ಗಡಿಗಳಿಗೆ ಬೀಗ ಹಾಕಿದ. 1967ರಲ್ಲಿ ಚರ್ಚು ಮಸೀದಿಗಳನ್ನೆಲ್ಲ ಮುಚ್ಚಿಸಿದ. ಹೊಲಗದ್ದೆಗಳ ನಡುವೆ ಕಾಂಕ್ರೀಟಿನ ಬಂಕರು ಕಟ್ಟಿಸಿದ. ಅಂಥ ಉಸಿರುಗಟ್ಟುವ ಕಡೆ ಬಾಳುವ ಕರ್ಮ ಯಾರಿಗೂ ಬೇಡ. ನಾನು ಹೇಳುವುದು ಇಷ್ಟೇ: ಅಷ್ಟು ಬಡ ದೇಶದಲ್ಲಿ, ಅಷ್ಟು ಕಷ್ಟದ ನಡುವೆ ಕೂಡ, ಆಟಕ್ಕೊಂದು ಮನೆ ಇತ್ತು. ಆಡುವವರು ಬದಲಾದರು, ಕೊನೆಗೆ ಸರ್ಕಾರವೇ ಬದಲಾಯಿತು. ಮನೆಯ ಹೆಸರು ಉಳಿಯಿತು. ಕ್ಲಬ್ಬು ಎಂದರೆ ಅದೇ. ಶಾಲೆ ಬಿಟ್ಟ ಮೇಲೂ ಹೋಗಬಹುದಾದ ಮನೆ.

ಆ ದೇಶದ ಉತ್ತರಕ್ಕೆ ಷ್ಕೋಡರ್ ಎಂಬ ಹಳೆಯ ಊರಿದೆ. ಅಲ್ಲಿನ ವ್ಲಾಜ್ನಿಯಾ ಕ್ಲಬ್ಬು ಇನ್ನೂ ಹಳೆಯದು, 1919ರದು. ಬ್ಯಾಸ್ಕೆಟ್‌ಬಾಲಿನಲ್ಲಿ ಪಾರ್ಟಿಜಾನಿಯ ಪ್ರತಿಸ್ಪರ್ಧಿಗಳಲ್ಲಿ ಒಂದು. ವ್ಲಾಜ್ನಿಯಾ ಎಂದರೆ ಅವರ ಭಾಷೆಯಲ್ಲಿ ಸಹೋದರತ್ವ. ಅಣ್ಣತಮ್ಮಂದಿರ ಕ್ಲಬ್ಬು ಅನ್ನಿ! ಅದರ ಮುಂದಿನ ಕತೆ ಕೇಳಿ. ಆ ಕ್ಲಬ್ಬು ಹೆಂಗಸರ ಫುಟ್ಬಾಲ್ ತಂಡವನ್ನೂ ಕಟ್ಟಿತು. ಆ ತಂಡ 2022ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಏರಿತು. ಆಲ್ಬೇನಿಯಾದ ಯಾವ ಕ್ಲಬ್ಬಿನ ಗಂಡಸರೂ ಅದುವರೆಗೆ ಆ ಮೆಟ್ಟಿಲು ಹತ್ತಿರಲಿಲ್ಲ. ಅಲ್ಲಿ ಚೆಲ್ಸಿ, ಪ್ಯಾರಿಸ್, ರಿಯಲ್ ಮ್ಯಾಡ್ರಿಡ್‌ನಂಥ ಹಣವಂತರ ತಂಡಗಳ ಎದುರು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆದರೇನು? ಅಣ್ಣತಮ್ಮಂದಿರ ಹೆಸರಿನ ಕ್ಲಬ್ಬನ್ನು ಅಷ್ಟು ದೂರ ಕರೆದೊಯ್ದದ್ದು ಅಕ್ಕತಂಗಿಯರು. ಒಳಗೆ ಬರಲು ಬಾಗಿಲು ತೆರೆದಿತ್ತು, ಅದಕ್ಕೇ ಹೋದರು.

ಇಷ್ಟು ಓದಿದ ಮೇಲೆ ಮೊಮ್ಮಗಳು ತಲೆ ಎತ್ತಿ ಕೇಳಿದಳು: "ಅಜ್ಜಿ, ನಿಮ್ಮೂರಲ್ಲಿ ಹುಡುಗಿಯರ ಕ್ಲಬ್ಬು ಯಾವುದು?"

ನಾನು ಬಾಯಿ ತೆರೆದೆ, ಮುಚ್ಚಿದೆ. ನಾನಿರುವ ಪೇಟೆಯಲ್ಲಿ ನನಗೆ ಎಷ್ಟು ಸಂಘಗಳಿಲ್ಲ! ಮಹಿಳಾ ಸಮಾಜ, ಭಜನಾ ಮಂಡಳಿ, ಬಡಾವಣೆಯ ಗಣಪತಿ ಸಮಿತಿ, ಒಂದು ಚೀಟಿ, ಒಂದು ಓದುಗರ ಬಳಗ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸಂಜೆ ಐದೂವರೆಗೆ ಬೂಟು ಹಾಕಿಕೊಂಡು ಹೋಗುವಂಥದ್ದು ಅದರಲ್ಲಿ ಒಂದೂ ಇಲ್ಲ. ಮೂವತ್ತು ವರ್ಷದ ಸೊಸೆ ಹೋಗುವಂಥದ್ದಂತೂ ಕೇಳಲೇಬೇಡಿ.

ನಮ್ಮ ರಾಜ್ಯದಲ್ಲಿ ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ಮೌಂಟ್ಸ್ ಕ್ಲಬ್ಬು ಇದೆ, ರಾಜ್ಯದ ಬ್ಯಾಸ್ಕೆಟ್‌ಬಾಲ್ ಲೀಗುಗಳಲ್ಲಿ ದೊಡ್ಡ ಹೆಸರು. ಗಂಡಸರಲ್ಲಿ ಬೀಗಲ್ಸ್ ಕ್ಲಬ್ಬು ಹಾಗೆ. ಮೈಸೂರಿನ ಸರ್ಕಾರಿ ಕ್ರೀಡಾ ನಿಲಯದ ಹುಡುಗಿಯರು, ಹುಬ್ಬಳ್ಳಿಯ ರೈಲ್ವೆ ತಂಡದವರು ಇದ್ದಾರೆ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಹೆಂಗಸರ ಏಷ್ಯಾ ಕಪ್ ನಡೆಯಿತು. ಎರಡನೇ ವಿಭಾಗದ ಫೈನಲಿನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೊದಲನೇ ವಿಭಾಗಕ್ಕೆ ಏರಿತು. ನಮ್ಮ ರಾಜ್ಯದ ಪಿ.ಯು. ನವನೀತಾ ಆ ತಂಡದಲ್ಲಿದ್ದರು. ಎರಡೇ ಎರಡು ಅಂಕದ ಗೆಲುವು! ನೀವು ಎಷ್ಟು ಜನ ನೋಡಿದಿರಿ? ನಾನು ನೋಡಲಿಲ್ಲ. ಆ ಸಂಜೆ ನಾನು ಯಾವುದೋ ಧಾರಾವಾಹಿಯ ಅತ್ತೆ ಸೊಸೆಯ ಜಗಳ ನೋಡುತ್ತಿದ್ದಿರಬೇಕು.

ಎರಡು ವರ್ಷ ಕಳೆದು 2019ರ ಸೆಪ್ಟೆಂಬರಿನಲ್ಲಿ ಅದೇ ಬೆಂಗಳೂರಿನಲ್ಲಿ, ಮೊದಲನೇ ವಿಭಾಗದ ಎಂಟು ತಂಡಗಳಲ್ಲಿ ಭಾರತಕ್ಕೆ ಎಂಟನೆಯ ಸ್ಥಾನ ಬಂತು. ಎರಡೂ ಸಲ ಕಪ್ ಗೆದ್ದದ್ದು ಜಪಾನಿನ ಹೆಂಗಸರು. ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಅವರು ಫೈನಲಿನವರೆಗೆ ಹೋಗಿ ಬೆಳ್ಳಿ ಪದಕ ತಂದರು. ಜಪಾನಿನ ಹೆಂಗಸರೇನು ತಾಳೆಮರದಂತೆ ಎತ್ತರವೇ? ಅಲ್ಲ. ಅಲ್ಲಿ ದೊಡ್ಡ ದೊಡ್ಡ ಕಂಪನಿಗಳು ಹೆಂಗಸರ ತಂಡಗಳನ್ನು ಸಾಕುತ್ತವೆ, ಆ ತಂಡಗಳು ತಿಂಗಳುಗಟ್ಟಲೆ ಒಂದಕ್ಕೊಂದು ಎದುರಾಗಿ ಲೀಗ್ ಆಡುತ್ತವೆ. ಶಾಲೆ ಬಿಟ್ಟ ಹುಡುಗಿಗೆ ಹೋಗಲು ಒಂದು ಮನೆ ಇರುತ್ತದೆ. ನಮ್ಮಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ದಾಟಿದರೆ ಮನೆ ಹುಡುಕಬೇಕು.

ನಾವು ಹೇಗೆ ಎಂದರೆ ಪದಕ ಬಂದವಳನ್ನು ತೆರೆದ ಜೀಪಿನಲ್ಲಿ ಮೆರೆಸುತ್ತೇವೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಶಾಸಕರ ಭಾಷಣ. ಅವಳು ಆಡಿ ಬೆಳೆಯುವಾಗ ಮೈದಾನದಲ್ಲಿ ಒಂದು ಶೌಚಾಲಯ ಇತ್ತೇ ಎಂದು ಯಾರೂ ಕೇಳುವುದಿಲ್ಲ. ಪದಕ ಬಾರದ ಸಾವಿರ ಹುಡುಗಿಯರಿಗೆ ಮೆರವಣಿಗೆ ಬೇಡ. ಅವರಿಗೆ ವಾರಕ್ಕೆ ನಾಲ್ಕು ಸಂಜೆ ಆಡಲು ಜಾಗ ಬೇಕು. ಆಟ ಇರುವುದು ಗೆಲ್ಲುವವಳಿಗೆ ಮಾತ್ರ ಎಂದು ನಾವು ನಂಬಿಕೊಂಡು ಬಿಟ್ಟಿದ್ದೇವೆ. ಅಡುಗೆ ಸ್ಪರ್ಧೆಯಲ್ಲಿ ಬಹುಮಾನ ಬಾರದವಳು ಅಡುಗೆ ಬಿಡುತ್ತಾಳೆಯೇ?

ನಾನೀಗಿರುವ ಪೇಟೆಯಲ್ಲಿ ಒಂದು ಸಾರ್ವಜನಿಕ ಬ್ಯಾಸ್ಕೆಟ್‌ಬಾಲ್ ಅಂಗಳ ಇದೆ. ಹೆಸರು ಹೇಳುವುದಿಲ್ಲ, ಯಾವ ಪೇಟೆಯಾದರೂ ಆದೀತು. ಒಂದು ಕಡೆಯ ಬಳೆ ಮುರಿದು ಜೋತಾಡುತ್ತಿದೆ. ಹಗಲು ಕಾರು ನಿಲ್ಲುತ್ತವೆ. ಹಬ್ಬದ ತಿಂಗಳಲ್ಲಿ ಶಾಮಿಯಾನ ಏಳುತ್ತದೆ. ಸಂಜೆ ಒಂದಿಷ್ಟು ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ. ನಾನು ಅದನ್ನು ನೋಡಿಕೊಳ್ಳುವ ಒಬ್ಬರ ಹತ್ತಿರ ಹೋಗಿ, ವಾರಕ್ಕೆ ಎರಡು ಸಂಜೆ ಹುಡುಗಿಯರಿಗೆ ಬಿಟ್ಟುಕೊಡಿ ಎಂದೆ. ಅವರು ಒಳ್ಳೆಯವರೇ, ಕೂರಿಸಿ ಕಾಫಿ ಕೊಟ್ಟರು. "ಬಿಡಬಹುದಮ್ಮ. ಆದ್ರೆ ಹೆಣ್ಮಕ್ಳು ಬರೋದೇ ಇಲ್ಲವಲ್ಲ? ಬಂದ್ರೆ ತಾನೇ ರಿಪೇರಿ ಮಾಡ್ಸೋದು?" ಎಂದರು.

ಕಾಫಿ ಕುಡಿದು ಬಂದೆ. ಉತ್ತರ ಹೊಳೆದದ್ದು ಆಮೇಲೆ, ಮಂಡಗದ್ದೆಯಲ್ಲಿ, ರಸ್ತೆಯ ಪಕ್ಕ ನಿಂತು ತುಂಗೆಯ ನಡುಗಡ್ಡೆಯನ್ನು ಮೊಮ್ಮಗಳಿಗೆ ತೋರಿಸುವಾಗ. ನೋಡಿದವರಿಗೆ ಗೊತ್ತು. ಒಂದು ಎಕರೆಗಿಂತ ತುಸು ದೊಡ್ಡದಿರುವ ನೆಲ, ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತ ಮರಗಳು. ಅಷ್ಟು ಜಾಗದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಂದು ಸಾವಿರಗಟ್ಟಲೆ ಹಕ್ಕಿಗಳು. ಜುಲೈ ಹೊತ್ತಿಗೆ ಬಂದು ಗೂಡು ಕಟ್ಟಿ, ಮರಿ ಮಾಡಿ, ನವೆಂಬರಿಗೆ ಹೋಗುತ್ತವೆ. ಮರ ಇದೆ, ಅದಕ್ಕೆ ಹಕ್ಕಿ ಬರುತ್ತದೆ. ಹಕ್ಕಿ ಬರಲಿ, ಆಮೇಲೆ ಮರ ನೆಡೋಣ ಎಂದು ಯಾರಾದರೂ ಹೇಳಿದರೆ ಅವನನ್ನು ನಿಮ್ಹಾನ್ಸಿಗೆ ಕರೆದುಕೊಂಡು ಹೋಗುತ್ತೇವೆ. ಹುಡುಗಿಯರ ವಿಷಯದಲ್ಲಿ ಹಾಗೆ ಹೇಳಿದವರ ಮನೆಯಲ್ಲಿ ಕಾಫಿ ಕುಡಿದು ಬರುತ್ತೇವೆ.

ಇನ್ನು ನನ್ನ ಗೆಳತಿಯರ ಆಕ್ಷೇಪಣೆಗಳು. ಮಹಿಳಾ ಸಮಾಜದಲ್ಲಿ ನಾನು ಈ ಮಾತೆತ್ತಿದಾಗ ಒಂದೊಂದಾಗಿ ಬಂದವು.

"ಓದು ಹಾಳಾಗಲ್ವಾ?" ಎಂದರು ಒಬ್ಬರು. ನನ್ನ ಮಗಳ ಓದು ಆಟ ಬಿಟ್ಟಿದ್ದಕ್ಕೆ ಒಂದು ಅಂಕವೂ ಮೇಲೆ ಹೋಗಲಿಲ್ಲ. ಮೈದಾನದ ಒಂದೂವರೆ ಗಂಟೆ ಟ್ಯೂಷನ್ ಬೆಂಚಿನ ಮೇಲೆ ತೂಕಡಿಕೆಯಾಯಿತು, ಅಷ್ಟೇ.

"ಕತ್ತಲಾದ ಮೇಲೆ ಹುಡುಗಿಯರನ್ನು ಹೊರಗೆ ಬಿಡೋದು ಹೇಗೆ?" ಎಂದರು ಇನ್ನೊಬ್ಬರು. ಇದು ನಿಜವಾದ ಭಯ, ತಳ್ಳಿಹಾಕಲಾರೆ. ಆದರೆ ಟ್ಯೂಷನ್ನಿಗೆ ಅದೇ ಕತ್ತಲಲ್ಲಿ ಕಳಿಸುತ್ತೇವಲ್ಲ? ಅದಕ್ಕೆ ದಾರಿ ಹುಡುಕಿದ್ದೇವೆ. ಅಪ್ಪ ಸ್ಕೂಟರಿನಲ್ಲಿ ಬಿಡುತ್ತಾನೆ, ಅಜ್ಜ ಕರೆತರುತ್ತಾನೆ. ಭಯಕ್ಕೆ ಮದ್ದು ದೀಪ ಮತ್ತು ನಾಲ್ಕು ಜನ ದೊಡ್ಡವರು. ಮೈದಾನದ ಅಂಚಿನಲ್ಲಿ ನಾವೇ ಕೂತರೆ ಆಯಿತು. ಹೇಗೂ ಸಂಜೆ ಕಟ್ಟೆಯ ಮೇಲೆ ಕೂತು ಮಾತಾಡುವುದಿದ್ದೇ ಇದೆ, ಅಲ್ಲಿ ಕೂತು ಆಡೋಣ ಆ ಮಾತನ್ನು.

"ಕಬಡ್ಡಿ, ಖೋ ಖೋ ನಮ್ಮವಲ್ವಾ? ಈ ಪರದೇಶದ ಆಟ ಯಾಕೆ?" ಎಂದರು ಮತ್ತೊಬ್ಬರು. ಖಂಡಿತ ಆಡಲಿ. ಕಾರ್ಕಳದ ಕಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸಿನಲ್ಲಿ ಕಬಡ್ಡಿಗೆ ಚಿನ್ನ ತಂದ ತಂಡದವರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ನಮ್ಮ ಹೆಂಗಸರು ನೇಪಾಳವನ್ನು 78-40ರಿಂದ ಸೋಲಿಸಿದಾಗ ತಿರುಮಕೂಡಲು ನರಸೀಪುರದ ಕಡೆಯ ಬಿ. ಚೈತ್ರಾ ಆ ತಂಡದಲ್ಲಿದ್ದರು. ಯಾವ ಆಟ ಎಂಬುದು ಜಗಳವೇ ಅಲ್ಲ. ಆಡಿದ ಹುಡುಗಿ ಹದಿನಾರಕ್ಕೆ ನಿಲ್ಲಿಸಬೇಕಾಗದ ಹಾಗೆ ಒಂದು ಕ್ಲಬ್ಬು ಇರಬೇಕು ಎಂಬುದು ಜಗಳ. ನನಗೆ ಬುಟ್ಟಿಯ ಮೇಲೆ ಪ್ರೀತಿ, ಅದಕ್ಕೆ ಬ್ಯಾಸ್ಕೆಟ್‌ಬಾಲ್ ಎಂದೆ.

ಕೊನೆಗೆ ಖಜಾಂಚಿಯವರು ಕನ್ನಡಕ ಸರಿಮಾಡಿಕೊಂಡು, "ದುಡ್ಡು?" ಎಂದರು.

ಲೆಕ್ಕ ಮಾಡೋಣ ಬನ್ನಿ. ಪೂರ್ತಿ ಅಳತೆಯ ಅಂಗಳ 28 ಮೀಟರು ಉದ್ದ, 15 ಮೀಟರು ಅಗಲ. ನಾಲ್ಕು ಗುಂಟೆಗಿಂತ ಒಂದಿಷ್ಟು ಹೆಚ್ಚು. ನಮ್ಮ ಕಡೆ ದೊಡ್ಡ ಮನೆಗಳ ಅಡಿಕೆ ಒಣಗಿಸುವ ಅಂಗಳವೇ ಅಷ್ಟಿರುತ್ತದೆ. ಕಲಿಯುವವರಿಗೆ ಅರ್ಧ ಅಂಗಳ ಸಾಕು, ಒಂದೇ ಬಳೆ ಸಾಕು. ಬಳೆಯ ಅಗಲ 45 ಸೆಂಟಿಮೀಟರು, ನೆಲದಿಂದ ಎತ್ತರ ಹತ್ತಡಿ. ಹೆಂಗಸರ ಚೆಂಡು ಗಂಡಸರದಕ್ಕಿಂತ ಸ್ವಲ್ಪ ಚಿಕ್ಕದು, ಆರನೇ ನಂಬರು ಎಂದು ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಒಂದು ತಂಡಕ್ಕೆ ಐದು ಜನ. ನಾವು ವರ್ಷಕ್ಕೊಮ್ಮೆ ರಂಗೋಲಿ ಸ್ಪರ್ಧೆಯ ಬಹುಮಾನಕ್ಕೆ ತರುವ ಸ್ಟೀಲ್ ಡಬ್ಬಿಗಳ ಬೆಲೆಯಲ್ಲಿ ಎರಡು ಚೆಂಡು ಬರುತ್ತವೆ.

ಸಂಘ ಕಟ್ಟುವುದು ನಮಗೆ ಬರುವುದಿಲ್ಲ ಎಂದು ಮಾತ್ರ ಹೇಳಬೇಡಿ. 2000ದಲ್ಲಿ ಸ್ತ್ರೀಶಕ್ತಿ ಬಂದಾಗ, ಈ ಹೆಂಗಸರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆಯೇ ಎಂದು ನಕ್ಕವರಿದ್ದರು. ಬೆರಳಲ್ಲಿ ಅಡಿಕೆ ಚೊಗರು ಮೆತ್ತಿದ ಹೆಂಗಸರು ವಾರವಾರ ದುಡ್ಡು ಕೂಡಿಸಿ, ಪಾಸ್‌ಬುಕ್ಕು ಹಿಡಿದು, ಸಾಲ ತೆಗೆದು, ತೀರಿಸಿ ತೋರಿಸಿದರು. ವಾರಕ್ಕೊಮ್ಮೆ ಸೇರುವುದು, ಹೆಸರು ಬರೆಯುವುದು, ಬಾರದವಳ ಮನೆಗೆ ಹೋಗಿ ವಿಚಾರಿಸುವುದು, ಇದೆಲ್ಲ ನಮ್ಮ ರಕ್ತದಲ್ಲಿದೆ. ಕ್ಲಬ್ಬು ಎಂದರೆ ಇಷ್ಟೇ, ಚೆಂಡಿರುವ ಸಂಘ. ಪಾರ್ಟಿಜಾನಿಗೆ ಸೇನೆ ಇತ್ತು, ಜಪಾನಿನವರಿಗೆ ಕಂಪನಿಗಳಿವೆ. ನಮ್ಮ ಬೆನ್ನಿಗೆ ಯಾರೂ ಇಲ್ಲದಿದ್ದರೆ ಪಾಸ್‌ಬುಕ್ಕು ಇದೆ. ಸರ್ಕಾರವೂ ಪುರಸಭೆಯೂ ಮಾಡಬೇಕಾದ ಕೆಲಸ ಅವರೇ ಮಾಡಲಿ. ಬಳೆ ಸರಿಮಾಡಿಸಲಿ, ದೀಪ ಹಾಕಲಿ, ಶೌಚಾಲಯ ಕಟ್ಟಲಿ. ಅದನ್ನು ಕೇಳಲು ಐವತ್ತು ಜನ ಸೀರೆಯುಟ್ಟು ಒಟ್ಟಿಗೆ ಹೋದರೆ ಹೇಗೆ ಕೊಡುವುದಿಲ್ಲವೋ ನೋಡೋಣ. ನಾನು ಒಬ್ಬಳೇ ಹೋದದ್ದು ನನ್ನ ತಪ್ಪು.

ಅಮ್ಮ ಈಗಿಲ್ಲ. ಬದುಕಿದ್ದರೆ ಕೇಳುತ್ತಿದ್ದೆ, ನಿನ್ನನ್ನು ಯಾರೇ ಕೂರಿಸಿದ್ದು ಅಂತ. ಅವಳಿಗೂ ಅವಳಮ್ಮನೇ ಹೇಳಿರಬೇಕು. ಈ ಸಾಲು ಎಲ್ಲೋ ಒಂದು ಕಡೆ ತುಂಡಾಗಬೇಕು. ತುಂಡು ಮಾಡುವ ಅಧಿಕಾರ ಮನೆಯಲ್ಲಿ ಯಾರಿಗಿದೆಯೆಂದು ನಿಮಗೂ ಗೊತ್ತು, ನನಗೂ ಗೊತ್ತು. ಸಂಜೆ ಐದೂವರೆಗೆ ಹುಡುಗಿ ಎಲ್ಲಿರಬೇಕೆಂದು ನಿರ್ಧರಿಸುವವರು ನಾವೇ.

ರಜೆಯ ಕೊನೆಯ ದಿನ ತಮ್ಮನ ಮನೆಯಲ್ಲಿ ಸುಲಿತ ಶುರುವಾಗಿತ್ತು. ನಾನೂ ಒಂದು ಮೆಟ್ಟುಗತ್ತಿಯ ಮುಂದೆ ಕೂತೆ. ಮೊಮ್ಮಗಳು ದೂರದಲ್ಲಿ ನಿಂತು ಸುಲಿದ ಅಡಿಕೆಯನ್ನು ಬುಟ್ಟಿಗೆ ಎಸೆಯುತ್ತಾ ಎಣಿಸುತ್ತಿದ್ದಳು. ಹತ್ತಕ್ಕೆ ನಾಲ್ಕು ಬಿದ್ದವು. ನಾನು ತಿರುಗಿ ನೋಡದೆ ಎಸೆದೆ, ಹತ್ತಕ್ಕೆ ಹತ್ತು. ಅವಳು ಕಣ್ಣರಳಿಸಿ, "ಅಜ್ಜಿ, ನೀನು ಟೀಮಲ್ಲಿ ಇದ್ಯಾ?" ಎಂದಳು.

"ಪಟ್ಟಿಯಲ್ಲಿದ್ದೆ" ಎಂದೆ.

ಪೇಟೆಗೆ ಬಂದ ಮೇಲೆ ಆರನೇ ನಂಬರಿನ ಚೆಂಡು ಒಂದು ತಂದಿದ್ದೇನೆ. ಮಹಿಳಾ ಸಮಾಜದ ಕಪಾಟಿನಲ್ಲಿ, ಭಜನೆಯ ತಾಳಗಳ ಪಕ್ಕದಲ್ಲಿ ಇಟ್ಟಿದೆ. ಖಜಾಂಚಿಯವರು ಮುಖ ಗಂಟಿಕ್ಕಿದರೂ ತೆಗೆಯಲಿಲ್ಲ. ಬೀಗದ ಕೈ ನನ್ನ ಹತ್ತಿರ ಇದೆ. ಬುಧವಾರ ಮತ್ತು ಶನಿವಾರ ಐದೂವರೆಗೆ ಬಾಗಿಲು ತೆಗೆಯುತ್ತೇನೆ.